ಗೇಜಿನ ಕಾಲಂ, ಷರಾ ಕಾಲಂ

ಮೊದಲ ಅಭ್ಯಾಸ ಪರೀಕ್ಷೆಯಲ್ಲಿ ನನಗೆ ಬಂದದ್ದು ನೂರ ಇಪ್ಪತ್ತಕ್ಕೆ ಮೂವತ್ತೆಂಟೂವರೆ. ಲಿಂಗಸುಗೂರಿನ ಬಸ್ ನಿಲ್ದಾಣದ ಹಿಂದೆ, ಸ್ಟೇಷನರಿ ಅಂಗಡಿಯೊಂದರ ಮಹಡಿಯ ಕೋಣೆಯಲ್ಲಿ, ಆ ಊರಿನ ವಕೀಲರೊಬ್ಬರು ಕಾನೂನು ಪದವಿಯ ಪ್ರವೇಶ ಪರೀಕ್ಷೆಗೆ ಓದುವವರಿಗಾಗಿ ಪ್ರತಿ ಭಾನುವಾರ ಮಾಕ್ ಟೆಸ್ಟ್ ನಡೆಸುತ್ತಿದ್ದರು. ಎರಡು ಗಂಟೆ, ನೂರ ಇಪ್ಪತ್ತು ಪ್ರಶ್ನೆ; ಸರಿಯುತ್ತರಕ್ಕೆ ಒಂದು ಅಂಕ, ತಪ್ಪುತ್ತರಕ್ಕೆ ಕಾಲು ಅಂಕ ಕಡಿತ. ಹನ್ನೊಂದು ಜನ ನಾಲ್ಕು ಬೆಂಚುಗಳಲ್ಲಿ ಕುಳಿತು ಬರೆದೆವು. ಊಟದ ಹೊತ್ತು ಕಳೆದ ಮೇಲೆ ಸರ್ ಹನ್ನೊಂದೂ ಜನರ ಅಂಕಗಳನ್ನು ಊರಿನ ಹೆಸರಿನ ಸಮೇತ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು. ನನ್ನದು ಕೆಳಗಿನಿಂದ ಎರಡನೆಯದು.

ನಾನು ಎದ್ದು ನಿಂತೆ. "ಸರ್, ಒಬ್ಬರ ಅಂಕ ಇನ್ನೊಬ್ಬರಿಗೆ ತೋರ್ಸೋದು ತಪ್ಪರೀ. ಕಮ್ಮಿ ಬಂದವರಿಗೆ ಅದು ಅವಮಾನ."

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಕೋರ್ಟಿನಾಗ ಸೋತ ಕೇಸು ಎಲ್ಲರ ಮುಂದೇ ಓದತಾರವ್ವಾ. ಈಗಿನಿಂದ ರೂಢಿ ಮಾಡಿಕೋ."

ಅದು ಉತ್ತರವಲ್ಲ ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆದರೆ ಅವರು ಅದೇ ಮಾತಿನ ಬೆನ್ನಿಗೆ, ನಾನು ಸೇರಬಯಸಿದ ಕಾಲೇಜಿಗೆ ಎಂಬತ್ತರ ಮೇಲೆ ಬೇಕಾಗುತ್ತದೆ ಎಂದು ಅಂದಾಜು ಹೇಳಿ, ನನ್ನ ಉತ್ತರ ಪತ್ರಿಕೆಯ ಮೂಲೆಯಲ್ಲಿ ಎಂಬತ್ತು ಎಂದು ಬರೆದು ಸುತ್ತ ಗೆರೆ ಎಳೆದರು. ಮೂವತ್ತೆಂಟೂವರೆಯಿಂದ ಎಂಬತ್ತಕ್ಕೆ ನನಗಿದ್ದದ್ದು ಜೂನ್‌ನಿಂದ ಡಿಸೆಂಬರ್‌ವರೆಗಿನ ಭಾನುವಾರಗಳು.

ಪರೀಕ್ಷೆ ಡಿಸೆಂಬರಿನಲ್ಲಿ; ಬರೆಯುವುದು ಒಂದೇ ಸಲ ಎಂಬ ಗಡುವನ್ನು ಇಟ್ಟವಳು ನನ್ನ ಅವ್ವ. ಪಿಯುಸಿ ಮುಗಿದಾಗ ಅವಳು ಹೇಳಿದ್ದು ಇಷ್ಟೇ: "ಒಂದು ವರ್ಷ ಓದು. ನಾ ಯಾರ ಮಾತೂ ಕೇಳಂಗಿಲ್ಲ. ಆಗಲಿಲ್ಲಂದ್ರ ಸಿಂಧನೂರಾಗ ಬಿ.ಎ. ಸೇರು, ರಜಾದಾಗ ನನ್ನ ಸಂಗಾಟ ನಾಟಿಗೆ ಬಾ. ಎರಡನೇ ವರ್ಷ ಕೇಳಬ್ಯಾಡ." ಅವ್ವ ಭತ್ತದ ನಾಟಿ ಮಾಡುವ ಹೆಂಗಸರ ಗುಂಪಿನಲ್ಲಿ ಮುಂದಾಳು. ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಹೇಳುವ ಪೈಕಿಯವಳಲ್ಲ. ಬಿ.ಎ. ಓದುವುದರಲ್ಲಾಗಲಿ, ಸಸಿ ಹಚ್ಚುವುದರಲ್ಲಾಗಲಿ ಕೀಳೆಂಬುದು ಏನೂ ಇಲ್ಲ. ಆದರೆ ನನಗೆ ಬೇಕಾಗಿದ್ದದ್ದು ಕಾನೂನು. ಅದಕ್ಕೊಂದು ಕಾರಣವಿತ್ತು.

ನಮ್ಮ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಡಂ ಒಬ್ಬರಿದ್ದರು. ಪ್ರತಿ ಶನಿವಾರ ಕೊನೆಯ ಅವಧಿಯಲ್ಲಿ ಅವರು ಪಠ್ಯಪುಸ್ತಕ ಮುಚ್ಚಿಸುತ್ತಿದ್ದರು. ನಾವು ಒಬ್ಬೊಬ್ಬರಾಗಿ ಎದ್ದು ಆ ವಾರ ಕಂಡ ಒಂದು ಅನ್ಯಾಯವನ್ನು ಹೇಳಬೇಕು. 'ಪಾಪ' ಎನ್ನುವಂತಿಲ್ಲ, 'ಏನು ಮಾಡೋದು' ಎನ್ನುವಂತಿಲ್ಲ. ಯಾರು, ಯಾರಿಗೆ, ಏನು ಮಾಡಿದರು ಎಂದು ನೇರವಾಗಿ ಹೇಳಬೇಕು. ಹೋಟೆಲಿನಲ್ಲಿ ಕೆಲವರಿಗೆ ಮಾತ್ರ ಕಾಗದದ ಲೋಟ ಕೊಡುವುದು, ನಾಟಿಗೆ ಬಂದ ಹೆಂಗಸರಿಗೆ ನೆರಳಿನ ವ್ಯವಸ್ಥೆ ಇಲ್ಲದಿರುವುದು, ಮನೆಯಲ್ಲಿ ತಮ್ಮನ ತಟ್ಟೆಗೆ ಮಾತ್ರ ತತ್ತಿ ಬೀಳುವುದು—ಇವೆಲ್ಲ ಆ ಕೋಣೆಯಲ್ಲಿ ಮೊದಲ ಬಾರಿಗೆ ಗಟ್ಟಿಯಾಗಿ ಕೇಳಿಬಂದವು. ನಾನು ಹತ್ತನೇ ತರಗತಿಯಲ್ಲಿದ್ದಾಗ, ಹುಡುಗಿಯರ ಶೌಚಾಲಯಕ್ಕೆ ನೀರಿಲ್ಲ ಎಂದು ನಲವತ್ತು ಜನರ ಸಹಿ ಹಾಕಿಸಿದ ಮನವಿಯನ್ನು ಒಂದು ಕಚೇರಿಗೆ ಒಯ್ದೆ. ಅಲ್ಲಿನ ಗುಮಾಸ್ತರು ಅದನ್ನು ಓದಿ, ಸಿಟ್ಟಾಗದೆ, ನಗುನಗುತ್ತಲೇ ಕೇಳಿದರು: "ಭಾಳ ಚಂದ ಬರದೀಯವ್ವಾ. ಇದು ಯಾವ ಕಾನೂನಿನಾಗ ಐತಿ ತೋರ್ಸು, ಮಾಡಿಕೊಡೋಣು." ನನ್ನ ಬಳಿ ಅನ್ಯಾಯದ ಹೆಸರಿತ್ತು, ಕಾನೂನಿನ ಹೆಸರಿರಲಿಲ್ಲ. ನಲವತ್ತು ಸಹಿಗಳನ್ನು ಮಡಚಿಕೊಂಡು ಹಿಂದಿರುಗಿದೆ. ಕಾನೂನು ಓದಬೇಕೆಂಬುದು ಆ ಮೆಟ್ಟಿಲು ಇಳಿಯುವಾಗಲೇ ನಿರ್ಧಾರವಾಗಿತ್ತು.

ಓದುವ ದಾರಿಯಲ್ಲಿಯೂ ಹೆಸರಿಸಬೇಕಾದ ಅನ್ಯಾಯಗಳು ಬಹಳಷ್ಟಿದ್ದವು. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಹನ್ನೆರಡು ವರ್ಷ ಕನ್ನಡದಲ್ಲಿ ಓದಿದವರ ಬುದ್ಧಿಯನ್ನು ಅಳೆಯುವ ಮುನ್ನ ಅವರ ಭಾಷೆಯನ್ನು ಅಳೆದು ಬದಿಗಿಡುವ ಏರ್ಪಾಡು ಅದು. ನಮ್ಮ ಜಿಲ್ಲೆಯಲ್ಲಿ ಪರೀಕ್ಷಾ ಕೇಂದ್ರವಿಲ್ಲ. ನಾನು ಓದಲು ಹೋಗುತ್ತಿದ್ದ ಸಿಂಧನೂರಿನ ವಾಚನಾಲಯದಲ್ಲಿ ಪತ್ರಿಕೆಗಳ ಮೇಜು, ಫ್ಯಾನು, ಕಿಟಕಿ ಎಲ್ಲವೂ ಗಂಡಸರ ಕಡೆಗಿದ್ದವು. ಹೆಂಗಸರಿಗೆಂದು ಬಿಟ್ಟಿದ್ದದ್ದು ಹಳೆಯ ರ‍್ಯಾಕುಗಳ ಹಿಂದಿನ ಒಂದು ಬೆಂಚು. ಮೊದಲ ದಿನವೇ ನಾನು ಪತ್ರಿಕೆಗಳ ಮೇಜಿಗೆ ಕುರ್ಚಿ ಎಳೆದು ಕುಳಿತೆ. ಅಕ್ಕಪಕ್ಕದ ಕುರ್ಚಿಗಳು ಒಂದು ವಾರ ಖಾಲಿಯಾಗಿದ್ದವು. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವನ್ನು ದಿನಕ್ಕೊಂದರಂತೆ ಓದಿ, ತಿಳಿಯದ ಪದಗಳನ್ನು ನೋಟ್‌ಬುಕ್ಕಿಗೆ ಇಳಿಸಿದೆ. ಮೊದಲ ತಿಂಗಳಲ್ಲಿ ಒಂದು ಸಂಪಾದಕೀಯಕ್ಕೆ ಎರಡು ಗಂಟೆ ಬೇಕಾಗುತ್ತಿತ್ತು, ಆಗಸ್ಟಿನ ಹೊತ್ತಿಗೆ ಇಪ್ಪತ್ತು ನಿಮಿಷ.

ಹೀಗಾಗಿ ಅಂಕಗಳು ಏರಿದವು: ನಲವತ್ಮೂರು, ನಲವತ್ತೇಳೂಕಾಲು, ಐವತ್ತೊಂದು. ಆಮೇಲೆ ನಿಂತವು. ಐವತ್ತೆರಡೂಮುಕ್ಕಾಲು, ಐವತ್ತೊಂದೂವರೆ, ಮತ್ತೆ ಐವತ್ತೆರಡು. ಇಂಗ್ಲಿಷ್ ಸುಧಾರಿಸಿತ್ತು, ಗಣಿತ ಸುಧಾರಿಸಿತ್ತು. ಕೈಕೊಟ್ಟದ್ದು ಕಾನೂನಿನ ವಿಭಾಗ, ನಾನು ಅತ್ಯಂತ ಪ್ರೀತಿಯಿಂದ ಓದಿದ ವಿಭಾಗ.

ಆ ವಿಭಾಗದ ರೀತಿಯನ್ನು ಇಲ್ಲಿ ಹೇಳಬೇಕು. ಒಂದು ದೊಡ್ಡ ಪರಿಚ್ಛೇದ ಕೊಟ್ಟಿರುತ್ತಾರೆ. ಅದರಲ್ಲಿ ಒಂದು ನಿಯಮವಿರುತ್ತದೆ. ಅನಂತರ ಒಂದು ಸಣ್ಣ ಕಥೆ. ಕಥೆಯೊಳಗಿನ ಜಗಳವನ್ನು ಆ ನಿಯಮವೊಂದನ್ನೇ ಹಿಡಿದು ತೀರ್ಮಾನಿಸಬೇಕು. ನಿಯಮ ಒಳ್ಳೆಯದೋ ಕೆಟ್ಟದೋ ಎಂದು ಯಾರೂ ಕೇಳುವುದಿಲ್ಲ.

ಆಗಸ್ಟಿನ ಎರಡನೆಯ ಭಾನುವಾರ ಸರ್ ಪತ್ರಿಕೆಗಳನ್ನು ತಿದ್ದಿ ಮುಗಿಸಿ, ಕಾಲುವೆ ಸೀಮೆಯಿಂದ ಬಂದಿದ್ದ ನಾಲ್ವರನ್ನು ಎಬ್ಬಿಸಿ ನಿಲ್ಲಿಸಿದರು. ಮುಕ್ಕುಂದದ ಅಕ್ಕತಂಗಿಯರಿಬ್ಬರು, ಸಾಲಗುಂದದ ಒಬ್ಬ, ವಳಕಮದಿನ್ನಿಯ ನಾನು.

"ಅರವತ್ತೊಂದನೇ ಪ್ರಶ್ನೆ," ಎಂದರು. "ಮಸ್ಕಿ, ಲಿಂಗಸುಗೂರಿನವರು ಏಳೂ ಮಂದಿ ಸರಿ. ನೀವು ನಾಲ್ಕೂ ಮಂದಿ ತಪ್ಪು. ಅದೂ ಒಂದೇ ತಪ್ಪು. ಕಾಪಿ ಹೊಡದೀರೇನ್ರಿ?"

ನಾವು ನಾಲ್ವರೂ ನಾಲ್ಕು ಬೆಂಚುಗಳಲ್ಲಿ ಕುಳಿತಿದ್ದೆವು.

ಪ್ರಶ್ನೆ ನೀರಿನದಾಗಿತ್ತು. ಪರಿಚ್ಛೇದದ ನಿಯಮ ಹೀಗಿತ್ತು: ಗೊತ್ತಾದ ಕಾಲುವೆಯಲ್ಲಿ ಹರಿಯದೆ ನೆಲದೊಳಗೆ ಜಿನುಗುವ ನೀರನ್ನು ಜಮೀನಿನ ಒಡೆಯ ಎಷ್ಟು ಬೇಕಾದರೂ ತೆಗೆದುಕೊಳ್ಳಬಹುದು, ಕೆಳಗಿನ ಜಮೀನಿನವನಿಗೆ ಅದರ ಮೇಲೆ ಹಕ್ಕಿಲ್ಲ. ಕಥೆಯಲ್ಲಿ ಮೇಲಿನ ಜಮೀನಿನವನು ಆಳವಾಗಿ ತೋಡಿ ನೀರೆಲ್ಲವನ್ನೂ ಎಳೆದುಕೊಂಡಿದ್ದ; ಕೆಳಗಿನವನ ಬಾವಿ ಬತ್ತಿತ್ತು. ಕೆಳಗಿನವನಿಗೆ ಪರಿಹಾರ ಸಿಗುತ್ತದೆಯೇ? ನಿಯಮದ ಪ್ರಕಾರ ಇಲ್ಲ. ಉಪಕಾಲುವೆಗಳ ಕೊನೆಭಾಗದಲ್ಲಿ ಹುಟ್ಟಿ, ಮೇಲಿನವರು ಪೈಪು ಹಾಕಿದಾಗಲೆಲ್ಲ ಸಸಿ ಒಣಗುವುದನ್ನು ನೋಡಿ ಬೆಳೆದ ನಾವು ನಾಲ್ವರೂ, ಒಬ್ಬರನ್ನೊಬ್ಬರು ಕೇಳದೆಯೇ, ಸಿಗುತ್ತದೆ ಎಂದು ಗುರುತು ಹಾಕಿದ್ದೆವು.

"ಮ್ಯಾಲಿನವ ಎಲ್ಲಾ ನೀರು ಎಳಕೊಂಡ್ರ ಕೆಳಗಿನವ ಮಣ್ಣು ತಿನ್ನಬೇಕೇನ್ರಿ?" ಎಂದ ಸಾಲಗುಂದದವನು.

"ಅದು ಪ್ರಶ್ನೆ ಅಲ್ಲೋ ತಮ್ಮಾ. ನಿಯಮ ಏನು ಹೇಳತೈತಿ?"

"ನಿಯಮನೇ ತಪ್ಪೈತಿ ಸರ್," ಎಂದೆ ನಾನು. "ತಪ್ಪು ನಿಯಮಕ್ಕ ಸರಿ ಉತ್ತರ ಹೆಂಗ ಬರತೈತ್ರಿ? ಇಂಥಾ ನಿಯಮ ಒಪ್ಪಿಕೊಂಡು ಗುರುತು ಹಾಕಾಕ ಕಲಿಸಿದ್ರ, ನಾಳೆ ನಾವು ಆಗೋ ವಕೀಲರು ಎಂಥವರು?"

ಹಿಂದಿನ ಬೆಂಚಿನಿಂದ ಕಿಸಕ್ಕೆಂದು ನಗು ಬಂತು. ನಕ್ಕವಳು ಮಸ್ಕಿಯ ಕಡೆಯ ಕುರಿ ಸಾಕುವ ಮನೆಯ ಹುಡುಗಿ. ಪ್ರತಿ ಭಾನುವಾರ ಮಸ್ಕಿಯಲ್ಲಿ ನನ್ನ ಬಸ್ಸು ಹತ್ತಿ ಪಕ್ಕದಲ್ಲಿ ಕೂರುತ್ತಿದ್ದಳು. ಆ ಕೋಣೆಯಲ್ಲಿ ನನಗಿದ್ದ ಒಬ್ಬಳೇ ಗೆಳತಿ. ಅಂದು ಹಿಂದಿರುಗುವಾಗ ಬಸ್ಸಿನಲ್ಲಿ ಅವಳು ನನ್ನ ಪತ್ರಿಕೆಯನ್ನು ಕಸಿದುಕೊಂಡು ನೋಡಿದಳು.

"ಯಾಕಬೇ, ನೀ ಪರೀಕ್ಷಾ ಬರದಿಯೋ, ಪಂಚಾಯ್ತಿ ಮಾಡಿದಿಯೋ?"

"ನಿನಗ ಆ ನಿಯಮ ಸರಿ ಅನಸ್ತೇನು?"

"ನನಗ ಏನೂ ಅನಸಲಿಲ್ಲ. ಪ್ರಶ್ನೆಗೆ ಇರೋದು ಒಂದು ನಿಮಿಷ, ಅದರಾಗ ಏನು ಅನಸತೈತಿ? ಕುರಿ ಎಣಿಸೋವಾಗ ಯಾವುದು ಬಡಕು, ಯಾವುದು ಕುಂಟು ಅಂತ ನೋಡಕೋಂತ ಕುಂತ್ರ ಎಣಿಕಿ ತಪ್ಪತೈತಿ. ಮೊದಲ ಎಣಿಸು, ಆಮ್ಯಾಲ ಅಳು."

ಅವಳಿಗೆ ಅಂದು ಅರವತ್ತಾರು ಬಂದಿತ್ತು. ನಾನು ಮುಂದಿನ ಭಾನುವಾರ ಲಿಂಗಸುಗೂರಿಗೆ ಹೋಗಲಿಲ್ಲ. ಇಂಥ ಪರೀಕ್ಷೆಗೆ ನಾನು ತಕ್ಕವಳಲ್ಲ ಎಂಬುದಕ್ಕಿಂತ, ನನಗೆ ಇಂಥ ಪರೀಕ್ಷೆ ತಕ್ಕುದಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಅದು ಸೋಲಿಗೆ ತೊಡಿಸಿದ ಒಳ್ಳೆಯ ಅಂಗಿ ಎಂದು ಈಗ ಬರೆಯುವಾಗ ಗೊತ್ತಾಗುತ್ತದೆ. ಅದರ ಮರು ಭಾನುವಾರ ಹೋಗಿ ಬರೆದೆ, ನಲವತ್ತಾರು ಬಂತು. ಮನೆಯಲ್ಲಿ ಅವ್ವ ಅಂಕ ಕೇಳಿದಳು. ಹೇಳಿದೆ.

"ಹೋದ ತಿಂಗಳು ಐವತ್ತೆರಡು ಅಂದಿದ್ದಿ."

"ಇಳಿದೈತಿ."

"ಸಸಿ ಮ್ಯಾಲ ಬರತೈತಿ, ಕೆಳಗ ಹೋಗಂಗಿಲ್ಲ," ಎಂದು ಅವ್ವ ಕೈಕಾಲಿನ ಕೆಸರು ತೊಳೆಯಲು ಹೊರಗೆ ಹೋದಳು. ಆ ಕಡೆಯಿಂದಲೇ ಕೂಗಿ ಹೇಳಿದಳು: "ಡಿಸೆಂಬರ್ ತನಕ ನಾ ಏನೂ ಅನ್ನಂಗಿಲ್ಲ. ನೆನಪಿರಲಿ, ಡಿಸೆಂಬರ್ ತನಕ."

ನನ್ನ ಅಪ್ಪ ಉಪಕಾಲುವೆಯ ಗ್ಯಾಂಗ್‌ಮನ್. ಇಪ್ಪತ್ತು ವರ್ಷ ಕಳೆದರೂ ಕೆಲಸ ಕಾಯಂ ಆಗಿಲ್ಲ. ಈ ಅನ್ಯಾಯದ ಬಗ್ಗೆ ಬೇರೆಯದೇ ಒಂದು ಪುಸ್ತಕ ಬರೆಯಬೇಕು. ಮುಂಜಾನೆ ಆರು ಗಂಟೆಗೆ, ಸಂಜೆ ಆರು ಗಂಟೆಗೆ ಅಪ್ಪ ಉಪಕಾಲುವೆಯ ಬಾಯಿಗೆ ಹೋಗಿ ನೀರಿನ ಮಟ್ಟ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಮಟ್ಟ ತಿಳಿಯಲು ಗೋಡೆಗೆ ಬಣ್ಣದಲ್ಲಿ ಬರೆದ ಅಡಿ ಇಂಚಿನ ಗುರುತಿಗೆ ನಮ್ಮಲ್ಲಿ ಗೇಜ್ ಎನ್ನುತ್ತಾರೆ. ಚಹಾದಂಗಡಿಯಲ್ಲಿ ಜನ ಮೊದಲು ಕೇಳುವುದು "ಗೇಜ್ ಎಷ್ಟೈತಿ?" ಎಂದೇ.

ನಲವತ್ತಾರು ಬಂದ ಮರುದಿನ ಅಪ್ಪನ ಅಂಗಾಲಿಗೆ ಜಾಲಿಮುಳ್ಳು ನಟ್ಟು ಕಾಲು ಬಾತುಕೊಂಡಿತು. ಸಂಜೆಯ ಗೇಜ್ ನೋಡಲು ನನ್ನನ್ನು ಕಳಿಸಿದ. ಸೈಕಲ್ ತುಳಿದುಕೊಂಡು ಹೋದೆ. ಮೂರೂವರೆ ಅಡಿ ಇರಬೇಕಾದಲ್ಲಿ ನೀರು ಎರಡು ಅಡಿ ಎರಡು ಇಂಚಿಗೆ ನಿಂತಿತ್ತು. ಒಂದು ಮೈಲಿ ಮೇಲೆ, ಏರಿಯ ಮೇಲಿಂದ ಕಪ್ಪು ಪೈಪುಗಳು ನೀರಿಗೆ ಬಾಯಿ ಹಾಕಿಕೊಂಡಿದ್ದವು. ಅಲ್ಲಿಗೂ ಹೋಗಿ ನಾನೇ ಎಣಿಸಿದೆ, ಮೂರು. ರಿಜಿಸ್ಟರ್ ತೆರೆದೆ. ನಾಲ್ಕು ಕಾಲಂ: ದಿನಾಂಕ, ಸಮಯ, ಗೇಜ್, ಷರಾ. ಸರ್ಕಾರಿ ಪುಸ್ತಕಗಳಲ್ಲಿ ಹೆಚ್ಚಿನ ಮಾತು ಬರೆಯಲು ಬಿಡುವ ಕೊನೆಯ ಕಾಲಮ್ಮಿಗೆ ಷರಾ ಎನ್ನುವುದು ನಿಜಾಮರ ಕಾಲದಿಂದ ಉಳಿದುಬಂದ ರೂಢಿ. ಸಿಟ್ಟಿನಲ್ಲಿ ಪೆನ್ನು ಎತ್ತಿಕೊಂಡೆ. ಗೇಜಿನ ಕಾಲಮ್ಮಿನಲ್ಲಿ ಬರೆದೆ: 'ಇರಬೇಕಾದುದಕ್ಕಿಂತ ಬಹಳ ಕಡಿಮೆ. ಮೇಲ್ಭಾಗದವರ ಕಳ್ಳತನ.'

ಮನೆಗೆ ಬಂದು ರಿಜಿಸ್ಟರ್ ಕೊಟ್ಟೆ. ಬಾತ ಕಾಲನ್ನು ಮೊರದ ಮೇಲಿಟ್ಟುಕೊಂಡು ಕುಳಿತಿದ್ದ ಅಪ್ಪ ಅದನ್ನು ತೆರೆದು ಓದಿದ.

"ಇದೇನಬೇ?"

"ಇದ್ದದ್ದು ಬರದೀನಿ."

"ಗೇಜ್ ಎಲ್ಲೈತಿ?"

"ಕಮ್ಮಿ ಐತಿ ಅಂತ ಬರದೀನಲ್ಲ. ಯಾಕ ಕಮ್ಮಿ ಐತಿ ಅಂತನೂ ಬರದೀನಿ."

"ಅದು ಷರಾ. ನಾ ಕೇಳಿದ್ದು ಗೇಜ್." ಅಪ್ಪ ದನಿ ಏರಿಸುವವನಲ್ಲ, ಅಂದು ಏರಿಸಿದ. "ಎಷ್ಟು ಅಡಿ, ಎಷ್ಟು ಇಂಚು?"

"ಎರಡು ಅಡಿ ಎರಡು ಇಂಚು."

"ಮತ್ತ ಅದನ್ನ ಬರಿ! ಹೋದ ವರ್ಷ ಮಂದಿ ಎಲ್ಲಾ ಕಚೇರಿ ಮುಂದ ಕುಂತಾಗ ಏನಾತು, ನೀನೂ ಬಂದಿದ್ದಿ, ನೋಡಿದಿ. ಭಾಷಣ ಮಾಡಿದವರು ಹತ್ತು ಮಂದಿ. ಸಾಹೇಬ್ರು ಯಾರ ಮಾತು ಕೇಳಿದ್ರು?"

ನನಗೆ ನೆನಪಿತ್ತು. ಭಾಷಣ ಮಾಡಿದವರಲ್ಲಿ ನಾನೂ ಒಬ್ಬಳು. ಕೊನೆಭಾಗಕ್ಕೆ ನೀರು ಬರುತ್ತಿಲ್ಲವೆಂದು ನಾವು ಮೂರು ತಾಸು ಕೂಗಿದ್ದೆವು. ಒಳಗಿನಿಂದ ಬಂದ ಅಧಿಕಾರಿ ನೀರು ಬರುತ್ತಿದೆ ಎಂದಷ್ಟೇ ಹೇಳಿದ್ದರು. ಆಗ ಅಪ್ಪ ಏನೂ ಮಾತಾಡದೆ ರಿಜಿಸ್ಟರನ್ನು ಅವರ ಮುಂದೆ ತೆರೆದಿಟ್ಟಿದ್ದ. ಇಪ್ಪತ್ತೊಂದು ದಿನದ ಗೇಜ್, ದಿನಕ್ಕೆರಡು ಸಲ, ಅಡಿ ಇಂಚುಗಳಲ್ಲಿ. ಅವರು ಪುಟ ತಿರುವಿದ್ದರು, ಮತ್ತೆ ತಿರುವಿದ್ದರು. ಮರುದಿನ ಪೈಪುಗಳನ್ನು ಕೀಳಲು ಜನ ಬಂದಿದ್ದರು.

"ಅವತ್ತು ನಮ್ಮವರೇ ನನಗ ಅಂದ್ರು, ಗೇಜ್ ಇನ್ನೂ ಒಂದು ಅರ್ಧ ಅಡಿ ಕಮ್ಮಿ ಬರಿ ಅಂತ. ಮ್ಯಾಲಿನವರು ಅಂದ್ರು, ಪೂರ್ತಿ ಐತಿ ಅಂತ ಬರಿ ಅಂತ. ನಾ ಇಬ್ಬರ ಮಾತೂ ಕೇಳಲಿಲ್ಲ. ಗ್ವಾಡಿ ಮ್ಯಾಲ ಎಷ್ಟು ಕಾಣತೈತಿ ಅಷ್ಟ ಬರದೆ. ನನಗ ಸಿಟ್ಟು ಇಲ್ಲೇನು? ನನ್ನ ಸಿಟ್ಟು ಷರಾದಾಗ ಐತಿ. ತಗದು ನೋಡು."

ತೆಗೆದು ನೋಡಿದೆ. ಪುಟ ಪುಟದಲ್ಲಿಯೂ ಇತ್ತು. ಕೊನೆಯ ಕಾಲಮ್ಮಿನಲ್ಲಿ, ನಾಲ್ಕನೇ ತರಗತಿ ಓದಿದವನ ದುಂಡು ಅಕ್ಷರಗಳಲ್ಲಿ: ಪೈಪು ಎರಡು. ಪೈಪು ಮೂರು. ತೂಬಿನ ಬಾಗಿಲು ಮುರದಿದೆ, ತಿಳಿಸಿದೆ. ಮತ್ತೆ ತಿಳಿಸಿದೆ. ನಾನು ಭಾಷಣದಲ್ಲಿ ಹೇಳಿದ ಪ್ರತಿಯೊಂದು ಅನ್ಯಾಯವೂ ಅಲ್ಲಿತ್ತು. ಬೇರೆ ಕಾಲಮ್ಮಿನಲ್ಲಿತ್ತು, ಅಷ್ಟೇ.

ಅಪ್ಪ ನನ್ನ ವಾಕ್ಯಕ್ಕೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಎರಡು ಅಡಿ ಎರಡು ಇಂಚು ಎಂದು ಬರೆಸಿ, ನನ್ನ ಸಹಿ ಹಾಕಿಸಿದ. ಅಧಿಕಾರಿಯ ಮುಂದೆ ಆ ಹೊಡೆದ ಗೆರೆಗೆ ತಾನೇ ಉತ್ತರ ಕೊಡುವುದಾಗಿ ಹೇಳಿದ.

ಮರುದಿನ ಮುಂಜಾನೆ, ಗೇಜ್ ಬರೆದು ಬಂದ ಮೇಲೆ, ಅಲ್ಲಿಯವರೆಗೆ ಬರೆದ ಅಷ್ಟೂ ಅಭ್ಯಾಸ ಪತ್ರಿಕೆಗಳನ್ನು ನೆಲದ ಮೇಲೆ ಹರಡಿಕೊಂಡೆ. ಹೊಸ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದೆ. ಮೊದಲನೆಯದರಲ್ಲಿ ಪರಿಚ್ಛೇದದ ನಿಯಮವನ್ನು ಅದು ಇದ್ದ ಹಾಗೆಯೇ, ಒಂದೇ ವಾಕ್ಯದಲ್ಲಿ. ಎರಡನೆಯದರಲ್ಲಿ ನಾನು ಕೊಟ್ಟ ಉತ್ತರ. ಮೂರನೆಯದು ಷರಾ. ಕಾನೂನು ವಿಭಾಗದ ತಪ್ಪುಗಳನ್ನೆಲ್ಲ ಹೀಗೆ ಇಳಿಸಲು ನಾಲ್ಕು ದಿನ ಹಿಡಿಯಿತು. ನಾಲ್ಕನೆಯ ದಿನ ಗೊತ್ತಾಯಿತು: ಅರ್ಧಕ್ಕಿಂತ ಹೆಚ್ಚು ಕಡೆ ನಾನು ನಿಯಮವನ್ನು ಅರ್ಥ ಮಾಡಿಕೊಳ್ಳದೆ ತಪ್ಪಿರಲಿಲ್ಲ. ಷರಾವನ್ನು ಗೇಜಿನ ಕಾಲಮ್ಮಿನಲ್ಲಿ ಬರೆದು ತಪ್ಪಿದ್ದೆ. ಮನೆಯ ಬಾಡಿಗೆದಾರಳನ್ನು ಹೊರಹಾಕಿದ ಕಥೆಯಲ್ಲಿ ಅವಳ ಕಡೆ ನಿಂತಿದ್ದೆ, ಕಾರ್ಖಾನೆಯ ಕಥೆಯಲ್ಲಿ ಕಾರ್ಮಿಕನ ಕಡೆ, ಗಂಡ ಹೆಂಡತಿಯ ಕಥೆಯಲ್ಲಿ ಯಾವಾಗಲೂ ಹೆಂಡತಿಯ ಕಡೆ. ನಿಂತದ್ದು ತಪ್ಪಲ್ಲ. ನಿಂತ ಜಾಗ ತಪ್ಪು.

ಮೇಡಂ ನಮಗೆ ಕಲಿಸಿದ್ದು ಹಾಳಾಯಿತೇ ಎಂದು ಆ ದಿನಗಳಲ್ಲಿ ನನಗೆ ಭಯವಾಗಿತ್ತು. ಒಂದು ನಿಯಮವನ್ನು ಪ್ರಶ್ನಿಸದೆ ಅನ್ವಯಿಸುವ ಅಭ್ಯಾಸ ದಿನಕ್ಕೆ ನಲವತ್ತು ಸಲ ನಡೆದರೆ, ಪ್ರಶ್ನಿಸುವ ಅಭ್ಯಾಸ ಸಾಯುವುದಿಲ್ಲವೇ? ಅದಕ್ಕಾಗಿಯೇ ಒಂದು ಕಟ್ಟುನಿಟ್ಟು ಮಾಡಿಕೊಂಡೆ. ಪರೀಕ್ಷೆಯ ಎರಡು ಗಂಟೆ ಮೊದಲ ಕಾಲಂ ಮಾತ್ರ. ಬಸ್ಸಿನಲ್ಲಿ ಹಿಂದಿರುಗುವಾಗ, ಎಷ್ಟೇ ದಣಿವಾಗಿದ್ದರೂ, ಷರಾ. ಒಂದೊಂದು ಅನ್ಯಾಯದ ನಿಯಮಕ್ಕೂ ಅದು ಯಾಕೆ ಅನ್ಯಾಯ, ಯಾರಿಗೆ ಅನ್ಯಾಯ, ಬದಲಾದರೆ ಹೇಗಿರಬೇಕು ಎಂದು ಬರೆದೆ. ಮೊದಲು ಎರಡು ಸಾಲು ಬರೆಯುತ್ತಿದ್ದವಳು ಆಮೇಲೆ ಪುಟ ತುಂಬಿಸಿದೆ. ವಿಚಿತ್ರವೆಂದರೆ, ನಿಯಮವನ್ನು ಒಂದೇ ವಾಕ್ಯದಲ್ಲಿ ನೆಟ್ಟಗೆ ಬರೆದ ದಿನ ನನ್ನ ಆಕ್ಷೇಪಣೆಯೂ ನೆಟ್ಟಗಿರುತ್ತಿತ್ತು.

ಸೆಪ್ಟೆಂಬರಿನಲ್ಲಿ ಐವತ್ತೇಳು. ಅರವತ್ತೆರಡೂಕಾಲು. ಅರವತ್ತಾರು.

ಆಮೇಲೆ ಒಂದು ಭಾನುವಾರ ಐವತ್ತೊಂಬತ್ತೂವರೆ. ಅದಕ್ಕೆ ಕಾರಣ ನಾನಲ್ಲ, ಬಸ್ಸು. ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲೆ, ನಮ್ಮ ಕ್ರಾಸಿನಲ್ಲಿ ಕೈ ಮಾಡಿದವರು ಬರೀ ಹೆಂಗಸರಾಗಿದ್ದರೆ ಕೆಲವು ಬಸ್ಸುಗಳು ನಿಲ್ಲದೆ ಹೋಗುವುದು ಶುರುವಾಗಿತ್ತು. ಅಂದು ಎರಡು ಬಸ್ಸು ಹಾಗೆ ಹೋದವು. ಕೋಣೆ ಮುಟ್ಟುವಾಗ ಇಪ್ಪತ್ತೈದು ನಿಮಿಷ ತಡ. ಸರ್ ಒಂದು ನಿಮಿಷವನ್ನೂ ಹೆಚ್ಚಿಗೆ ಕೊಡಲಿಲ್ಲ.

"ಇದು ಅನ್ಯಾಯ ಸರ್."

"ಹೌದವ್ವಾ, ಅನ್ಯಾಯನೇ. ಡಿಸೆಂಬರಿನಾಗ ಅವರು ಕೊಡತಾರೇನು?"

ಹಿಂದಿನ ನಾನಾಗಿದ್ದರೆ ಅಂದೇ ಸಂಜೆ ಕ್ರಾಸಿನಲ್ಲಿ ಬಸ್ಸಿಗೆ ಅಡ್ಡ ಕೂರುತ್ತಿದ್ದೆ. ಈಗ ಅವ್ವನ ಗುಂಪಿನ ಹೆಂಗಸರನ್ನು ಸೇರಿಸಿಕೊಂಡು, ಮೂರು ವಾರ ಒಂದು ಪುಸ್ತಕ ಇಟ್ಟೆವು. ದಿನಾಂಕ, ಸಮಯ, ಬಸ್ಸಿನ ಸಂಖ್ಯೆ, ಎಷ್ಟು ಜನ ಕೈ ಮಾಡಿದರು, ನಿಂತಿತೋ ಇಲ್ಲವೋ. ಬೈಗುಳಗಳಿಗೆ ಷರಾ ಕಾಲಂ ಬಿಟ್ಟಿದ್ದೆ. ಹೆಂಗಸರು ಅದನ್ನು ಧಾರಾಳವಾಗಿ ತುಂಬಿಸಿದರು. ಬಸ್ ಡಿಪೋದಲ್ಲಿ ಮನವಿಯ ಜೊತೆ ಪುಸ್ತಕದ ಪ್ರತಿಯನ್ನು ಕೊಟ್ಟಾಗ, ಯಾವ ಕಾನೂನಿನಲ್ಲಿದೆ ಎಂದು ಯಾರೂ ಕೇಳಲಿಲ್ಲ; ನಿಗದಿಯಾದ ನಿಲುಗಡೆ ಎಂಬುದಕ್ಕೆ ಅವರದೇ ಪಟ್ಟಿಯನ್ನು ಮೇಲ್ಗಡೆ ಅಂಟಿಸಿದ್ದೆ. ಆಮೇಲೆ ಎಲ್ಲ ಬಸ್ಸೂ ನಿಂತವು ಎಂದರೆ ಸುಳ್ಳಾಗುತ್ತದೆ. ಭಾನುವಾರ ಮುಂಜಾನೆಯದು ನಿಲ್ಲತೊಡಗಿತು.

ಎಪ್ಪತ್ತು. ಎಪ್ಪತ್ನಾಲ್ಕೂಕಾಲು. ನವೆಂಬರಿನ ಕೊನೆಗೆ ಎಪ್ಪತ್ತೊಂಬತ್ತು. ಸರ್ ಬೋರ್ಡಿನ ಮೇಲೆ ವಳಕಮದಿನ್ನಿಯನ್ನು ಮೊದಲು, ಉಳಿದವನ್ನು ಅನಂತರ ಬರೆದು ಸೀಮೆಸುಣ್ಣ ಕೆಳಗಿಟ್ಟರು. ನಾನು ಮತ್ತೆ ಎದ್ದು ನಿಂತೆ.

"ಸರ್, ಅಂಕ ಎಲ್ಲರಿಗೂ ತೋರ್ಸೋದು ತಪ್ಪಂತ ನಾ ಮೊದಲನೇ ದಿನ ಅಂದಿದ್ದೆ. ಈಗಲೂ ಅಂತೀನ್ರಿ."

"ಮೊದಲನೇ ಸ್ಥಾನದಾಗ ನಿಂತು ಅಂದೀಯಲ್ಲ," ಎಂದು ಅವರು ಹೆಸರುಗಳನ್ನೆಲ್ಲ ಒರೆಸಿದರು. ಆ ಭಾನುವಾರದಿಂದ ಅಂಕಗಳನ್ನು ಚೀಟಿಯಲ್ಲಿ ಕೊಟ್ಟರು.

ಪರೀಕ್ಷೆ ಕಲಬುರಗಿಯಲ್ಲಿತ್ತು. ಹಿಂದಿನ ದಿನವೇ ಹೋಗಬೇಕಾಯಿತು. ಮಸ್ಕಿಯ ಗೆಳತಿಯೂ ನಾನೂ ಅವಳ ಸಂಬಂಧಿಕರ ಮನೆಯಲ್ಲಿ ಉಳಿದೆವು. ಕಾನೂನಿನ ವಿಭಾಗದ ಮೂರನೆಯ ಪರಿಚ್ಛೇದ ಗುಡಿಸಲುಗಳನ್ನು ತೆರವು ಮಾಡುವುದರ ಬಗ್ಗೆ. ಕೊಟ್ಟಿದ್ದ ನಿಯಮದ ಪ್ರಕಾರ ಆ ಕಥೆಯ ಜನರಿಗೆ ಮುನ್ಸೂಚನೆ ಕೊಡಬೇಕಾಗಿರಲಿಲ್ಲ. ಕಥೆಯಲ್ಲಿ ಹೆರಿಗೆಯಾಗಿ ಒಂಬತ್ತು ದಿನವಾದ ಒಬ್ಬ ತಾಯಿಯಿದ್ದಳು. ನನ್ನ ಪೆನ್ನು ನಿಂತಿತು. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಪಕ್ಕದ ಸಾಲಿನವರು ಪುಟ ತಿರುವಿದ ಸದ್ದು ಕೇಳಿಸಿತು. ಗೋಡೆಯ ಮೇಲೆ ಕಂಡಷ್ಟನ್ನೇ ಬರೆಯಬೇಕು ಎಂದುಕೊಂಡೆ. ನಿಯಮ ಹೇಳಿದ ವೃತ್ತವನ್ನು ತುಂಬಿದೆ. ಪ್ರಶ್ನೆಪುಸ್ತಿಕೆಯ ಅಂಚಿನಲ್ಲಿ ಷರಾ ಎಂದು ಎರಡಕ್ಷರ ಬರೆದು ಮುಂದಿನ ಪ್ರಶ್ನೆಗೆ ಹೋದೆ. ಎರಡು ಗಂಟೆ ಮುಗಿದಾಗ ಆ ಪುಸ್ತಿಕೆಯ ಅಂಚುಗಳಲ್ಲಿ ಅಂಥ ಆರು ಷರಾಗಳಿದ್ದವು.

ಎಂಬತ್ತೆರಡೂಮುಕ್ಕಾಲು ಬಂತು. ಬಯಸಿದ ಕಾಲೇಜು ಸಿಕ್ಕಿತು.

ಅವ್ವ ಅಂದು ಗದ್ದೆಯಲ್ಲಿದ್ದಳು. ಬದುವಿನ ಮೇಲೆ ನಿಂತು ಕೂಗಿ ಹೇಳಿದೆ. ಅವಳು ನೆಟ್ಟಗಾಗಿ, ಸೊಂಟಕ್ಕೆ ಕೈಯಿಟ್ಟು, ಗುಂಪಿನವರಿಗೆಲ್ಲ ಕೇಳುವಂತೆ ಹೇಳಿದಳು: "ನಾ ವರ್ಷ ಕೊಟ್ಟಿದ್ದೆ. ಏಳು ತಿಂಗಳಿಗೆ ಮುಗಿಸ್ಯಾಳ. ಉಳಿದ ಐದು ತಿಂಗಳು ನನಗ ಬರಬೇಕು, ಬಾ, ಕೆಳಗ ಇಳಿ." ಹೆಂಗಸರು ನಕ್ಕರು. ನಾನು ಇಳಿದೆ. ಆ ಬೇಸಿಗೆಯ ಬೆಳೆಗೆ ಅವಳ ಜೊತೆ ಸಸಿ ಹಚ್ಚಿದೆ.

ಗೆಳತಿಗೆ ಎಪ್ಪತ್ತೈದು ಬಂದಿತ್ತು, ಸೀಟು ಸಿಗಲಿಲ್ಲ. ನನಗಿಂತ ಚುರುಕಾಗಿದ್ದವಳು ಅವಳು. ಕುರಿಗಳೊಂದಿಗೆ ತಿಂಗಳುಗಟ್ಟಲೆ ಊರು ಬಿಟ್ಟಿರುವ ಮನೆಯಲ್ಲಿ, ಓದುವ ಹುಡುಗಿಗೆ ಕೂರಲು ಒಂದು ಜಾಗ ಒದಗಿಸದ ನಾವೆಲ್ಲರೂ ಆ ಐದು ಅಂಕಗಳಿಗೆ ಹೊಣೆ. ಅವಳು ಹಾಗೆ ಹೇಳಲಿಲ್ಲ. ಇನ್ನೊಂದು ವರ್ಷ ಓದುವುದಾಗಿ ಮನೆಯವರನ್ನು ಒಪ್ಪಿಸಿ, ಲಿಂಗಸುಗೂರಿನ ಬಸ್ಸಿನಲ್ಲಿ ನನ್ನ ಮೂರು ಕಾಲಮ್ಮಿನ ನೋಟ್‌ಬುಕ್ಕುಗಳನ್ನು ತೆಗೆದುಕೊಂಡು ಪುಟ ತಿರುವಿದಳು.

"ನಿಯಮ ಒಂದು ಸಾಲು, ಷರಾ ಎರಡು ಪುಟ! ಇದನ್ನ ಓದಾಕ ಒಂದು ವರ್ಷ ಬೇಕಲ್ಲಬೇ."

"ಷರಾ ಬಿಟ್ಟು ಓದು."

"ಬಿಡಂಗಿಲ್ಲ ತಗಿ. ಅದರಾಗ ನೀ ಬೈದಿದ್ದು ಓದಾಕ ಮಜಾ ಬರತೈತಿ."

ನಾನು ಊರು ಬಿಡುವ ಹಿಂದಿನ ದಿನ ಕಾಲುವೆಗೆ ನೀರು ಬಿಟ್ಟು ನಾಲ್ಕನೆಯ ದಿನ. ಮುಂಜಾನೆ ಅಪ್ಪನ ಜೊತೆ ಉಪಕಾಲುವೆಯ ಬಾಯಿಗೆ ಹೋದೆ. ಬಗ್ಗಿ ನೋಡಿದೆ. ಎರಡು ಅಡಿ ಒಂಬತ್ತು ಇಂಚು. ಗೇಜಿನ ಕಾಲಮ್ಮಿನಲ್ಲಿ ಅಷ್ಟನ್ನೇ ಬರೆದು ರಿಜಿಸ್ಟರನ್ನು ಅಪ್ಪನ ಕೈಗೆ ಕೊಡಲು ಹೋದೆ. ಅವನು ತೆಗೆದುಕೊಳ್ಳಲಿಲ್ಲ.

"ಷರಾನೂ ನೀನ ಬರಿ. ಈಗ ನಿನಗ ಬರಿಯಾಕ ಬರತೈತಿ."

ಬರೆದೆ. ನಿಗದಿಯಾದ ಮಟ್ಟ ಎಷ್ಟು, ಇಂದು ಎಷ್ಟು ಕಡಿಮೆ, ಮೇಲ್ಭಾಗದಲ್ಲಿ ಎಣಿಸಿದ ಪೈಪುಗಳೆಷ್ಟು, ತೂಬಿನ ಬಾಗಿಲು ಮುರಿದಿರುವುದನ್ನು ಹಿಂದೆ ಎಷ್ಟು ಸಲ ತಿಳಿಸಲಾಗಿದೆ, ಕೊನೆಭಾಗದ ಎಷ್ಟು ಹೊಲಗಳಿಗೆ ಇನ್ನೂ ನೀರು ಮುಟ್ಟಿಲ್ಲ. ಅಕ್ಷರಗಳು ಕಾಲಮ್ಮಿನ ಗೆರೆ ದಾಟಿ, ಅಂಚಿಗೆ ಹೋಗಿ, ಅಂಚಿನಲ್ಲಿ ಕೆಳಗಿಳಿದು, ಮುಂದಿನ ದಿನದ ಸಾಲಿನವರೆಗೆ ಬಂದವು.

"ಸಾಕಬೇ," ಎಂದ ಅಪ್ಪ, ಸೈಕಲ್ಲಿನ ಸ್ಟ್ಯಾಂಡ್ ಒದೆಯುತ್ತಾ. "ನಾಳಿ ಗೇಜ್ ಬರಿಯಾಕ ಜರಾ ಜಾಗ ಬಿಡು."